ಟಿವಿಗೆ ವೈರ್ ಎಳೀಬೇಕಾ, ವೈಫೈ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರ ಪೈಕಿ ಕಂಪ್ಯೂಟರ್ ಗೊತ್ತಿರುವವನು ಒಬ್ಬನೇ ಆದರೆ ಅವನ ಗತಿ ಇಷ್ಟೇ. ಯಾರ ಮನೆಗೆ ಹೋದರೂ ಕಾಫಿ ಬರುವ ಮೊದಲೇ "ಸ್ವಲ್ಪ ಈ ಟಿವಿ ನೋಡಪ್ಪಾ" ಅನ್ನುತ್ತಾರೆ. ಹಾಗೆ ನೋಡಿ ನೋಡಿ ನನ್ನ ಹತ್ತಿರ ಸೇರಿಕೊಂಡ ಪ್ರಶ್ನೆಗಳು ಇವು. ಸ್ಮಾರ್ಟ್ ಟಿವಿ ಇರಲಿ, ಟಿವಿ ಹಿಂದೆ ಸಿಕ್ಕಿಸುವ ಸ್ಟಿಕ್ ಇರಲಿ, ಆಂಡ್ರಾಯ್ಡ್ ಬಾಕ್ಸ್ ಇರಲಿ, ಇಂಟರ್ನೆಟ್‌ನಿಂದ ಸಿನಿಮಾ ಎಳೆದುಕೊಳ್ಳುವ ಯಾವ ಡಬ್ಬಿಗಾದರೂ ಈ ಉತ್ತರಗಳು ಹೊಂದುತ್ತವೆ.

ಪ್ರಶ್ನೆ: ಸುಮ್ನೆ ಒಂದೇ ಮಾತಲ್ಲಿ ಹೇಳಿ. ವೈರಾ, ವೈಫೈಯಾ?

ಜಾಗ ಬಿಟ್ಟು ಅಲುಗದ ಸಾಮಾನಿಗೆ ವೈರ್, ಅಂದರೆ ರೌಟರ್‌ನಿಂದ ಎಳೆಯುವ ಲ್ಯಾನ್ ವೈರ್. ಕೈಯಲ್ಲಿ ಹಿಡಿದು ಓಡಾಡುವ ಸಾಮಾನಿಗೆ ವೈಫೈ. ಗೋಡೆಗೆ ಮೊಳೆ ಹೊಡೆದು ಕೂರಿಸಿದ ಟಿವಿ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಗಾಳಿಯಲ್ಲಿ ಯಾಕೆ ಇಂಟರ್ನೆಟ್ ಕೊಡಬೇಕು?

ಆದರೆ ಈಗಿರುವ ವೈಫೈಯಲ್ಲೇ ಟಿವಿ ನಿಲ್ಲದೆ ಓಡುತ್ತಿದ್ದರೆ ಏನೂ ಮಾಡಬೇಡಿ. ಈ ಪುಟ ಮುಚ್ಚಿ ಸಿನಿಮಾ ನೋಡಿ.

ಪ್ರಶ್ನೆ: ಮನೆಗೆ 100 ಎಂಬಿಪಿಎಸ್ ಪ್ಲ್ಯಾನ್ ಇದೆ. ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 90 ಬರುತ್ತೆ. ಆದರೂ ಟಿವಿಯಲ್ಲಿ ಚಕ್ರ ಯಾಕೆ ತಿರುಗುತ್ತೆ?

ಎಲ್ಲರೂ ಕೇಳುವುದು ಇದನ್ನೇ. ಇಂಟರ್ನೆಟ್ ಕಂಪನಿಯವರನ್ನು ಬೈಯುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ.

ಮೊದಲನೆಯದು, ಸಿನಿಮಾಗೆ ಅಷ್ಟೊಂದು ಸ್ಪೀಡ್ ಬೇಕಾಗಿಯೇ ಇಲ್ಲ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಇದ್ದರೆ ಸಾಕು. ಬೇಕಾಗಿರುವುದು ಆ 15 ಎಡೆಬಿಡದೆ ಬರುತ್ತಿರುವುದು. ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟಿವಿಯೂ ಮುಂದಿನ ಕೆಲವು ಸೆಕೆಂಡಿನ ವಿಡಿಯೋವನ್ನು ಮೊದಲೇ ತುಂಬಿಸಿ ಇಟ್ಟುಕೊಂಡಿರುತ್ತದೆ. ಮೋಟಾರ್ ಎರಡು ನಿಮಿಷ ನಿಂತರೆ ಕೆಳಗಿನ ನಲ್ಲಿಗೆ ಗೊತ್ತೂ ಆಗುವುದಿಲ್ಲ. ಪದೇ ಪದೇ ನಿಂತು ನಿಂತು ಹೊರಟರೆ ಟ್ಯಾಂಕ್ ಖಾಲಿ. ಆಗಲೇ ಚಕ್ರ ತಿರುಗುವುದು. ಮೋಟಾರ್ ಎಷ್ಟು ಹಾರ್ಸ್‌ಪವರ್ ಇದ್ದರೇನು, ಓಡದೇ ಇದ್ದರೆ?

ಎರಡನೆಯದು, ನೀವು ಟೆಸ್ಟ್ ಮಾಡಿದ್ದು ಸೋಫಾ ಮೇಲೆ ಕೂತು, ಕೈಯಲ್ಲಿ ಮೊಬೈಲ್ ಹಿಡಿದು. ಟಿವಿಯ ವೈಫೈ ಆಂಟೆನಾ ಸಾಮಾನ್ಯವಾಗಿ ಅದರ ಬೆನ್ನ ಹಿಂದೆ ಇರುತ್ತದೆ. ಮುಂದೆ ದೊಡ್ಡ ತಗಡಿನಂಥ ಪರದೆ, ಹಿಂದೆ ಗೋಡೆ, ಪಕ್ಕದಲ್ಲಿ ಗೋಡೆಗೆ ಬಿಗಿದ ಕಬ್ಬಿಣದ ಸ್ಟ್ಯಾಂಡ್. ಅಲ್ಲಿಗೆ ತಲುಪುವ ಸಿಗ್ನಲ್ಲೇ ಬೇರೆ. ಟಿವಿಯಲ್ಲೇ ಬ್ರೌಸರ್ ಇದ್ದರೆ ಫಾಸ್ಟ್ ಡಾಟ್ ಕಾಮ್ ಅನ್ನುವ ಸ್ಪೀಡ್ ಟೆಸ್ಟ್ ಪುಟ ತೆಗೆದು ನೋಡಿ. ಒಂದು ಸಲ ಅಲ್ಲ, ರಾತ್ರಿ ಎಂಟರಿಂದ ಹತ್ತರ ಒಳಗೆ ಐದಾರು ಸಲ. ಒಮ್ಮೆ 70, ಒಮ್ಮೆ 6, ಮತ್ತೆ 40 ಅಂತ ಕುಣಿಯುತ್ತಿದ್ದರೆ ಕಾಯಿಲೆ ಸಿಕ್ಕಿತು ಅಂತ ತಿಳಿಯಿರಿ.

ಪ್ರಶ್ನೆ: ವೈಫೈ ಯಾಕೆ ಹಾಗೆ ಕುಣಿಯುತ್ತೆ?

ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತಾಡಬಹುದು. ಚಾನೆಲ್ ಅಂದರೆ ಇಲ್ಲಿ ಟಿವಿ ಚಾನೆಲ್ ಅಲ್ಲ, ವೈಫೈ ಅಲೆ ಹೋಗುವ ದಾರಿ. ನಿಮ್ಮ ಟಿವಿ, ಮಗಳ ಮೊಬೈಲ್, ಸಿಸಿ ಕ್ಯಾಮೆರಾ, ಎಲ್ಲವೂ ಸರದಿ ಕಾಯಬೇಕು. ಪಕ್ಕದ ಮನೆಯವರ ರೌಟರ್ ಅದೇ ಚಾನೆಲ್‌ನಲ್ಲಿದ್ದರೆ ಅವರಿಗೂ ಕಾಯಬೇಕು. ಪಾಸ್‌ವರ್ಡ್ ಬೇರೆ ಇದ್ದರೂ ಗಾಳಿ ಒಂದೇ ಅಲ್ವಾ? ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ನಿಂತು ವೈಫೈ ಪಟ್ಟಿ ತೆರೆದರೆ ಮೂವತ್ತು ಹೆಸರು ಕಾಣುತ್ತವೆ. ಆದರೆ ವೈಫೈಯ ಅಲೆಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಇರುವುದು ಮೂರೇ: 1, 6, 11. ಮೂವತ್ತು ಮನೆ, ಮೂರು ದಾರಿ.

ಸಾಲದು ಅಂತ ಬ್ಲೂಟೂತ್ ಕೂಡ ಅಲ್ಲೇ, ಮೈಕ್ರೋವೇವ್ ಒವನ್ನಿನ ಸೋರಿಕೆಯೂ ಅಲ್ಲೇ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ರಾತ್ರಿ ಎಂಟೂವರೆಗೆ ಸರಿಯಾಗಿ ಧಾರಾವಾಹಿ ನಿಲ್ಲುತ್ತಿತ್ತು. ಒಂದು ವಾರ ಯಾರಿಗೂ ಕಾರಣ ಗೊತ್ತಾಗಲಿಲ್ಲ. ಆ ಹೊತ್ತಿಗೆ ಚಿಕ್ಕಪ್ಪ ಮಧ್ಯಾಹ್ನದ ಸಾರು ಬಿಸಿ ಮಾಡುತ್ತಿದ್ದರು!

ವೈರ್‌ನಲ್ಲಿ ಈ ಸರದಿ ಇಲ್ಲ. ಟಿವಿಗೂ ರೌಟರ್‌ಗೂ ನಡುವಿನ ದಾರಿ ಅವೆರಡಕ್ಕೇ ಮೀಸಲು. ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಸಾಲು ಇದ್ದ ಹಾಗೆ. ಅದಕ್ಕೇ ಅದು ಬೆಳಿಗ್ಗೆ ಹೇಗೋ ರಾತ್ರಿಯೂ ಹಾಗೇ.

ಪ್ರಶ್ನೆ: ನಮ್ಮ ರೌಟರ್‌ನಲ್ಲಿ ಎರಡು ಹೆಸರು ಬರುತ್ತೆ, 2.4 ಮತ್ತು 5. ಟಿವಿಗೆ ಯಾವುದು?

ರೌಟರ್ ಅದೇ ರೂಮಿನಲ್ಲಿದ್ದರೆ, ಅಥವಾ ನಡುವೆ ಒಂದೇ ಗೋಡೆ ಇದ್ದರೆ 5. ಅದರಲ್ಲಿ ಚಾನೆಲ್ ಜಾಸ್ತಿ, ಗಲಾಟೆ ಕಮ್ಮಿ, ಸ್ಪೀಡ್ ಜಾಸ್ತಿ. ಆದರೆ ಅದಕ್ಕೆ ಗೋಡೆ ದಾಟುವ ಶಕ್ತಿ ಕಮ್ಮಿ. ಇವತ್ತಿನ ನಾಲ್ಕಿಂಚಿನ ಸಿಮೆಂಟ್ ಇಟ್ಟಿಗೆ ಗೋಡೆ ಒಂದಾದರೆ ಹೇಗೋ ದಾಟುತ್ತದೆ. ಹಳೆ ಬೆಂಗಳೂರಿನ ಸೈಜುಗಲ್ಲಿನ ಗೋಡೆ, ಮಂಗಳೂರು ಕಡೆಯ ಕೆಂಪು ಕಲ್ಲಿನ ಗೋಡೆ ಅಂದರೆ ಕಥೆ ಬೇರೆ. ಕಬ್ಬಿಣ ಹಾಕಿದ ಆರ್‌ಸಿಸಿ ತಾರಸಿ ದಾಟಿ ಮೇಲಿನ ಮಹಡಿಗೆ ಹೋಗಬೇಕಾದರೂ ಅಷ್ಟೇ. ಅಲ್ಲಿ 5 ಸೋತು, 2.4 ಕುಂಟುತ್ತಾ ತಲುಪುತ್ತದೆ.

ಕೆಲವು ರೌಟರ್‌ಗಳು ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತವೆ. ಆಗ ಟಿವಿ ಒಮ್ಮೆ 2.4ಕ್ಕೆ ಅಂಟಿಕೊಂಡರೆ ಬಿಡುವುದೇ ಇಲ್ಲ. ರೌಟರ್ ಸೆಟ್ಟಿಂಗ್‌ಗೆ ಹೋಗಿ ಹೆಸರು ಬೇರೆ ಮಾಡಿ, ಟಿವಿಗೆ 5ರ ಪಾಸ್‌ವರ್ಡ್ ಮಾತ್ರ ಕೊಡಿ. ಖರ್ಚಿಲ್ಲದ ಈ ಒಂದು ಕೆಲಸದಿಂದಲೇ ಎಷ್ಟೋ ಮನೆಗಳಲ್ಲಿ ಚಕ್ರ ನಿಂತಿದೆ. ಇನ್ನು 5ರ ಹೆಸರು ಆಗಾಗ ಮಾಯವಾಗಿ ಮತ್ತೆ ಬರುತ್ತಿದ್ದರೆ ಚಾನೆಲ್ಲನ್ನು 36ರಿಂದ 48ರ ಒಳಗೆ ಇಟ್ಟು ನೋಡಿ. ಅದಕ್ಕಿಂತ ಮೇಲಿನ ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಸುಳಿವು ಸಿಕ್ಕರೆ ರೌಟರ್ ಜಾಗ ಬಿಟ್ಟುಕೊಡಬೇಕು, ನಿಯಮ ಹಾಗಿದೆ.

ಆ ಹಾಗೆ, ರೌಟರನ್ನು ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ, ಮೀನಿನ ತೊಟ್ಟಿ ಹಿಂದೆ ಇಡಬೇಡಿ. ತಗಡೂ ನೀರೂ ಸಿಗ್ನಲ್‌ಗೆ ಆಗದ ವಸ್ತುಗಳು. ನೋಡೋಕೆ ಚೆನ್ನಾಗಿಲ್ಲ ಅಂತ ಅದನ್ನು ಕಪಾಟಿನೊಳಗೆ ಹಾಕಿ ಬಾಗಿಲು ಮುಚ್ಚಿದವರನ್ನೂ ಕಂಡಿದ್ದೇನೆ.

ಪ್ರಶ್ನೆ: ನಿಮ್ಮ ಮಾತು ಕೇಳಿ ಟಿವಿಗೆ ಲ್ಯಾನ್ ವೈರ್ ಹಾಕಿದೆ. ಸ್ಪೀಡ್ 250ರಿಂದ 94ಕ್ಕೆ ಇಳಿಯಿತು! ಇದೇನು?

ಬೈಯಬೇಡಿ, ಇದು ನಿಜ. ಬಹಳಷ್ಟು ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ ಇವತ್ತಿಗೂ 100 ಎಂಬಿಪಿಎಸ್‌ನದು. ಸಾವಿರಾರು ರೂಪಾಯಿ ಕೊಟ್ಟು ತಂದ 4ಕೆ ಟಿವಿಯಲ್ಲೂ ಹಾಗೇ. ಅದರಿಂದ ಕೈಗೆ ಸಿಗುವುದು ಹೆಚ್ಚೆಂದರೆ 94, 95. ಅದೇ ಟಿವಿಯ 5 ಗಿಗಾಹರ್ಟ್ಸ್ ವೈಫೈ ಹತ್ತಿರದಲ್ಲಿದ್ದರೆ 200 ದಾಟುತ್ತದೆ. ಹಾಗಾಗಿ "ವೈರ್ ಅಂದರೆ ಯಾವಾಗಲೂ ಜಾಸ್ತಿ ಸ್ಪೀಡ್" ಅನ್ನುವುದು ಟಿವಿ ಮಟ್ಟಿಗೆ ಸುಳ್ಳು.

ಆದರೂ ವೈರ್ ತೆಗೆಯಬೇಡಿ ಅಂತಲೇ ಹೇಳುತ್ತೇನೆ. ಸಿನಿಮಾಗೆ ಬೇಕಿರುವುದು 15. ನಿಮಗೆ ಸಿಗುತ್ತಿರುವುದು ಅಲುಗಾಡದ 94. ಕುಣಿಯುವ 250ಕ್ಕಿಂತ ನಿಂತ 94 ವಾಸಿ. ಇನ್ನೊಂದು ಲಾಭವೂ ಇದೆ: ಟಿವಿ ಗಾಳಿ ಬಿಟ್ಟು ಹೋದರೆ ಆ ಜಾಗ ಮೊಬೈಲ್‌ಗಳಿಗೆ ಸಿಗುತ್ತದೆ. ಮನೆಯಲ್ಲಿ ಗಂಟೆಗಟ್ಟಲೆ ಡೇಟಾ ಎಳೆಯುವ ಆನೆ ಅದೊಂದೇ. ಆನೆಯನ್ನು ಗಲ್ಲಿಯಿಂದ ಹೊರಗೆ ಕಳಿಸಿದರೆ ಸೈಕಲ್‌ಗಳು ಆರಾಮಾಗಿ ಓಡಾಡುತ್ತವೆ.

ಇದಕ್ಕೆ ಹೊರತಾದ ಒಂದೇ ಗುಂಪು, ಬ್ಲೂ-ರೇ ಡಿಸ್ಕನ್ನು ಹಾಗೇ ಕಂಪ್ಯೂಟರ್‌ಗೆ ಇಳಿಸಿಕೊಂಡು ಮನೆಯೊಳಗೇ ಓಡಿಸುವವರು. 4ಕೆ ಬ್ಲೂ-ರೇಯ ಡೇಟಾ 128 ಎಂಬಿಪಿಎಸ್‌ವರೆಗೂ ಏರಬಹುದು. ಅದು 100ರ ಪೋರ್ಟ್‌ನಲ್ಲಿ ತೂರುವುದಿಲ್ಲ. ಅಂಥವರು ಟಿವಿಯ ಪೋರ್ಟ್ ಮರೆತು, ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ಪೋರ್ಟ್ ಇರುವ ಬಾಕ್ಸ್ ಕೊಳ್ಳುವುದೇ ಸರಿ.

ಪ್ರಶ್ನೆ: ನನ್ನ ಹತ್ತಿರ ಇರುವುದು ಸ್ಟಿಕ್. ಅದರಲ್ಲಿ ಲ್ಯಾನ್ ತೂತೇ ಇಲ್ಲವಲ್ಲ?

ಇರುವುದಿಲ್ಲ. ಫೈರ್ ಟಿವಿ ಸ್ಟಿಕ್‌ಗೆ ಅಮೆಜಾನ್ ಬೇರೆಯಾಗಿ ಒಂದು ಈಥರ್‌ನೆಟ್ ಅಡಾಪ್ಟರ್ ಮಾರುತ್ತದೆ, ಅದೂ 100 ಎಂಬಿಪಿಎಸ್‌ನದೇ. ಗೂಗಲ್ 2024ರಲ್ಲಿ ತಂದ ಟಿವಿ ಸ್ಟ್ರೀಮರ್‌ನಲ್ಲಿ ಗಿಗಾಬಿಟ್ ಪೋರ್ಟ್ ಇದೆ. 2022ರ ಆಪಲ್ ಟಿವಿ 4ಕೆಯಲ್ಲಿ 128 ಜಿಬಿ ಮಾಡೆಲ್‌ಗೆ ಮಾತ್ರ ಪೋರ್ಟ್, 64 ಜಿಬಿಯದಕ್ಕೆ ಇಲ್ಲ. ಕೊಳ್ಳುವಾಗ ಈ ಸಣ್ಣ ವ್ಯತ್ಯಾಸ ಯಾರೂ ಗಮನಿಸುವುದಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು ಕೋಡಿ ಅನ್ನುವ ಸಿನಿಮಾ ಆಪ್ ಓಡಿಸುವವರಿಗೆ: ಪೈ 4ರಿಂದ ಪೂರ್ತಿ ಗಿಗಾಬಿಟ್ ಸಿಗುತ್ತದೆ.

ಸ್ಟಿಕ್ಕನ್ನು ವೈಫೈಯಲ್ಲೇ ಇಡುವುದಾದರೆ, ಅದರ ಜೊತೆ ಬಂದ ಗೇಣುದ್ದದ ಎಚ್‌ಡಿಎಂಐ ತುಂಡು ವೈರನ್ನು ಎಸೆಯಬೇಡಿ. ಅದನ್ನು ಹಾಕಿ ಸ್ಟಿಕ್ಕನ್ನು ಟಿವಿ ಬೆನ್ನಿನಿಂದ ಆಚೆ ಇಳಿಬಿಟ್ಟರೆ ಸಿಗ್ನಲ್ ಎಷ್ಟೋ ಸುಧಾರಿಸುತ್ತದೆ.

ಪ್ರಶ್ನೆ: ಯಾವ ವೈರ್ ತರಬೇಕು? ಅಂಗಡಿಯವರು ಕ್ಯಾಟ್ 8 ತಗೊಳ್ಳಿ ಅಂತಾರೆ.

ಬೇಡ. ಕ್ಯಾಟ್ ಅಂದರೆ ವೈರಿನ ದರ್ಜೆ. ಕ್ಯಾಟ್ 5ಇ ವೈರ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ಹಾಕಿಸಿ, ಅದು 55 ಮೀಟರ್‌ವರೆಗೆ 10 ಗಿಗಾಬಿಟ್ಟೂ ತಡೆಯುತ್ತದೆ. ಮನೆಗೆ ಅದಕ್ಕಿಂತ ಮೇಲಿನದು ದುಡ್ಡು ದಂಡ. ಕೇಳಬೇಕಾದ ಪ್ರಶ್ನೆ ಬೇರೆ: "ಪೂರ್ತಿ ತಾಮ್ರದ್ದಾ?" ಅಂತ. ಅಲ್ಯೂಮಿನಿಯಂ ಎಳೆಗೆ ಮೇಲೆ ತಾಮ್ರ ಬಳಿದ ವೈರ್ ಅಗ್ಗಕ್ಕೆ ಸಿಗುತ್ತದೆ. ಪೆಟ್ಟಿಗೆ ಮೇಲೆ ಸಿಸಿಎ ಅಂತ ಬರೆದಿದ್ದರೆ ಅದೇ. ತಿರುವಿನಲ್ಲಿ ಬೇಗ ಮುರಿಯುತ್ತದೆ, ದೂರಕ್ಕೆ ಸೋಲುತ್ತದೆ. ಒಂದು ತುದಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ.

ಇನ್ನು ವೈರ್ ತುದಿಗೆ ಜ್ಯಾಕ್ ಒತ್ತುವ ಕೆಲಸ. ವೈರ್ ಒಳಗೆ ಎಂಟು ಎಳೆ, ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಇದು ಗೊತ್ತಿಲ್ಲದೆ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಮಹಡಿಯ ಕಂಪ್ಯೂಟರ್‌ಗೆ ಎಳೆಸಿದ ಹೊಸ ವೈರ್‌ನಲ್ಲಿ ಇಂಟರ್ನೆಟ್ ಬರುತ್ತಿತ್ತು, ಆದರೆ 95 ದಾಟುತ್ತಿರಲಿಲ್ಲ. ರೌಟರ್ ಬದಲಿಸಿದೆ, ಕಂಪ್ಯೂಟರ್‌ಗೆ ಬೈದೆ. ಸಂಜೆ ಹೊತ್ತಿಗೆ ಜ್ಯಾಕನ್ನು ಬೆಳಕಿಗೆ ಹಿಡಿದು ನೋಡಿದರೆ ನೀಲಿ ಎಳೆ ತುದಿವರೆಗೆ ಹೋಗಿರಲೇ ಇಲ್ಲ. ಒಂದು ಅಕ್ಕಿಕಾಳಿನಷ್ಟು ಹಿಂದೆ ನಿಂತಿತ್ತು. ಮೂರು ಜೋಡಿ ಮಾತ್ರ ಕೂಡಿದ್ದರಿಂದ ಎರಡೂ ಕಡೆಯ ಯಂತ್ರಗಳು ತಾವೇ ಮಾತಾಡಿಕೊಂಡು 100ಕ್ಕೆ ಇಳಿದಿದ್ದವು. ಜ್ಯಾಕ್ ಕತ್ತರಿಸಿ ಹೊಸದು ಒತ್ತಿದೆ. ಎರಡು ನಿಮಿಷದ ಕೆಲಸ. ಹಾಗಾಗಿ ನಿಮ್ಮ ಕಂಪ್ಯೂಟರ್ ಅಥವಾ ಬಾಕ್ಸ್ ಸರಿಯಾಗಿ 94, 95ಕ್ಕೇ ನಿಲ್ಲುತ್ತಿದ್ದರೆ, ಇಂಟರ್ನೆಟ್ ಅಲ್ಲ, ಮೊದಲು ವೈರನ್ನು ಅನುಮಾನಿಸಿ.

ಪ್ರಶ್ನೆ: ಮನೆ ತುಂಬ ವೈರ್ ನೇತಾಡೋದು ಮನೆಯವರಿಗೆ ಇಷ್ಟ ಇಲ್ಲ. ಬಾಡಿಗೆ ಮನೆ ಬೇರೆ.

ಗೋಡೆ ಬುಡದ ಸ್ಕರ್ಟಿಂಗ್ ಮೇಲೆ ಕೇಸಿಂಗ್ ಪಟ್ಟಿ ಅಂಟಿಸಿ ಅದರೊಳಗೆ ವೈರ್ ಓಡಿಸಿ. ಬಾಗಿಲ ಕೆಳಗೆ ದಾಟಬೇಕಾದ ಕಡೆ ಚಪ್ಪಟೆ ವೈರ್ ಸಿಗುತ್ತದೆ. ಎರಡು ಕಡೆ ಅಂಟುವ ಟೇಪ್ ಹಾಕಿದರೆ ಓನರ್‌ಗೂ ತೊಂದರೆ ಇಲ್ಲ. ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದು.

ಸ್ವಂತ ಮನೆ ಕಟ್ಟಿಸುತ್ತಿದ್ದರೆ ಮಾತ್ರ ಈಗಲೇ ಎಚ್ಚರವಾಗಿ. ಪ್ಲಾಸ್ಟರ್ ಆಗುವ ಮೊದಲು ಟಿವಿ ಗೋಡೆಗೆ, ಓದುವ ಕೋಣೆಗೆ, ಮಹಡಿಯ ಹಾಲ್‌ಗೆ ಒಂದೊಂದು ಖಾಲಿ ಪೈಪ್ ಬಿಡಿಸಿ. ವೈರ್ ಆಮೇಲೆ ಎಳೆದರಾಯಿತು. ಎಲೆಕ್ಟ್ರಿಷಿಯನ್ "ಕರೆಂಟ್ ಪೈಪಲ್ಲೇ ಹಾಕಿಬಿಡ್ತೀನಿ ಸಾರ್" ಅನ್ನುತ್ತಾನೆ. ಒಪ್ಪಬೇಡಿ. 230 ವೋಲ್ಟ್ ಹೋಗುವ ಪೈಪಿನಲ್ಲಿ ಲ್ಯಾನ್ ವೈರ್ ಇರಬಾರದು. ಅಪಾಯವೂ ಹೌದು, ಡೇಟಾಗೆ ಅಡ್ಡಿಯೂ ಹೌದು. ಟಿವಿ ಗೋಡೆಗೆ ಕೂರಿಸುವ ಮೊದಲೇ ಲ್ಯಾನ್ ವೈರ್ ಸಿಕ್ಕಿಸಿಬಿಡಿ. ಕೂರಿಸಿದ ಮೇಲೆ ಆ ತೂತಿಗೆ ಕೈ ತಲುಪುವುದಿಲ್ಲ, 55 ಇಂಚಿನ ಟಿವಿ ಇಳಿಸೋಕೆ ಇಬ್ಬರು ಬೇಕು.

ಹಳ್ಳಿ ಮನೆಯಾದರೆ ಅಟ್ಟದ ಮೇಲೆ ಬರೀ ವೈರ್ ಹಾಯಿಸಬೇಡಿ. ಇಲಿಗಳಿಗೆ ಅದು ಬಲು ಇಷ್ಟ. ಪೈಪೊಳಗೆ ಹಾಕಿ.

ಪ್ರಶ್ನೆ: ನಮ್ಮದು ಮಲೆನಾಡು. ಗುಡುಗು ಸಿಡಿಲಿಗೆ ವೈರ್ ಅಪಾಯ ಅಲ್ವಾ?

ಒಳ್ಳೆ ಪ್ರಶ್ನೆ. ಇದರಲ್ಲಿ ವೈಫೈ ಗೆಲ್ಲುತ್ತದೆ ಅಂತ ಒಪ್ಪಲೇಬೇಕು.

ಹೊರಗಿಂದ ಬರುವ ಫೈಬರ್‌ನಲ್ಲಿ ಹರಿಯುವುದು ಬೆಳಕು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ರೌಟರ್‌ನ ಅಡಾಪ್ಟರ್ ಕರೆಂಟ್ ಬೋರ್ಡ್‌ನಲ್ಲಿದೆ, ಟಿವಿ ಇನ್ನೊಂದು ಬೋರ್ಡ್‌ನಲ್ಲಿದೆ. ಎರಡರ ನಡುವೆ ನೀವು ತಾಮ್ರದ ವೈರ್ ಕಟ್ಟಿದ್ದೀರಿ. ಒಂದು ಕಡೆ ಬಿದ್ದ ಪೆಟ್ಟು ಇನ್ನೊಂದು ಕಡೆಗೆ ಹೋಗಲು ದಾರಿ ಮಾಡಿಕೊಟ್ಟ ಹಾಗಾಯಿತು. ನಮ್ಮ ಊರಿನ ಮನೆಯಲ್ಲಿ ಒಂದು ಮೇ ತಿಂಗಳ ಸಂಜೆ ಹತ್ತಿರದಲ್ಲೇ ಸಿಡಿಲು ಬಡಿಯಿತು. ಅಪ್ಪ ರೂಢಿಯಂತೆ ಟಿವಿಯ ಪ್ಲಗ್ ಕಿತ್ತಿದ್ದರು. ರೌಟರ್‌ನದು ಕಿತ್ತಿರಲಿಲ್ಲ, ಲ್ಯಾನ್ ವೈರಂತೂ ನೆನಪೇ ಇರಲಿಲ್ಲ. ರೌಟರ್ ಸುಟ್ಟಿತು. ಟಿವಿ ಬದುಕಿತು, ಆದರೆ ಅದರ ಲ್ಯಾನ್ ಪೋರ್ಟ್ ಅವತ್ತಿನಿಂದ ಮಾತಾಡಿಲ್ಲ. ಈಗ ಆ ಟಿವಿ ವೈಫೈಯಲ್ಲೇ ಓಡುತ್ತಿದೆ.

ಗುಡುಗು ಶುರುವಾದ ಮೇಲಲ್ಲ, ಮೋಡ ಕಟ್ಟಿದಾಗಲೇ ಮೂರನ್ನೂ ಕೀಳಿ: ಟಿವಿ ಪ್ಲಗ್, ರೌಟರ್ ಪ್ಲಗ್, ಲ್ಯಾನ್ ವೈರ್. ಮನೆಯಿಂದ ಅಂಗಳ ದಾಟಿ ಹೊರಗಿನ ಇನ್ನೊಂದು ಕಟ್ಟಡಕ್ಕೆ ಲ್ಯಾನ್ ವೈರ್ ಎಳೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಲ್ಲಿಗೆ ಫೈಬರ್ ಎಳೆಸಿ, ಇಲ್ಲವೇ ವೈಫೈಯಲ್ಲೇ ಕಳಿಸಿ.

ಪ್ರಶ್ನೆ: ಕರೆಂಟ್ ವೈರಿಂಗ್‌ನಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಹೇಗೆ?

ಅದೃಷ್ಟದ ಆಟ. ಮನೆಗೆ ಮೂರು ಫೇಸ್ ಇದ್ದು, ರೌಟರ್ ಒಂದು ಫೇಸ್‌ನಲ್ಲಿ, ಟಿವಿ ಇನ್ನೊಂದರಲ್ಲಿ ಇದ್ದರೆ ಕೆಲಸವೇ ಮಾಡದೆ ಇರಬಹುದು. ಒಂದು ಇನ್ವರ್ಟರ್ ಲೈನ್‌ನಲ್ಲಿ, ಇನ್ನೊಂದು ನೇರ ಲೈನ್‌ನಲ್ಲಿ ಇದ್ದರೂ ತೊಂದರೆ ಆಗಬಹುದು. ಸ್ಪೈಕ್ ಗಾರ್ಡ್‌ಗೆ ಸಿಕ್ಕಿಸಿದರೆ ಅದು ಸಿಗ್ನಲ್ಲನ್ನೇ ಸೋಸಿಬಿಡುತ್ತದೆ. ಪೆಟ್ಟಿಗೆ ಮೇಲೆ ಬರೆದ ಸ್ಪೀಡ್‌ನ ಅರ್ಧವೂ ಕೈಗೆ ಸಿಗುವುದಿಲ್ಲ. ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲಿ ಮಾತ್ರ ಕೊಳ್ಳಿ.

ಪ್ರಶ್ನೆ: ರಿಪೀಟರ್ ಹಾಕಿದರೆ? ಮೆಶ್ ಅಂತ ಬರುತ್ತಲ್ಲ, ಅದು?

ಅಗ್ಗದ ರಿಪೀಟರ್ ಕೇಳಿದ ಮಾತನ್ನೇ ಮತ್ತೆ ಕೂಗಿ ಹೇಳುವ ಆಳು. ಒಂದೇ ರೇಡಿಯೋ ಇರುವುದರಿಂದ ಕೇಳುವಾಗ ಹೇಳಲಾರ, ಹೇಳುವಾಗ ಕೇಳಲಾರ. ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಕಡ್ಡಿ ಮಾತ್ರ ತುಂಬಿ ಕಾಣುತ್ತದೆ, ಅದನ್ನು ನೋಡಿ ಜನ ಮೋಸ ಹೋಗುತ್ತಾರೆ.

ಮೆಶ್, ಅಂದರೆ ಮನೆಯ ಬೇರೆ ಬೇರೆ ಕಡೆ ಕೂತು ಒಂದೇ ವೈಫೈ ಆಗಿ ಕೆಲಸ ಮಾಡುವ ಡಬ್ಬಿಗಳು, ಅದಕ್ಕಿಂತ ಎಷ್ಟೋ ಮೇಲು. ಆದರೆ ದೊಡ್ಡ ಮನೆಗೆ ನನ್ನ ಮೆಚ್ಚಿನ ದಾರಿ ಬೇರೆ. ಕೆಳಗಿನ ರೌಟರ್‌ನಿಂದ ಮೇಲಿನ ಮಹಡಿಗೆ ಒಂದೇ ಒಂದು ಲ್ಯಾನ್ ವೈರ್ ಎಳೆಯಿರಿ. ಅದರ ತುದಿಯಲ್ಲಿ ಹಳೆಯ ರೌಟರನ್ನೋ ಮೆಶ್‌ನ ಎರಡನೇ ಡಬ್ಬಿಯನ್ನೋ ಇಡಿ. ಟಿವಿ ಆ ಡಬ್ಬಿಗೆ ವೈರ್‌ನಲ್ಲಿ, ಮೊಬೈಲ್‌ಗಳು ಅದರ ವೈಫೈಯಲ್ಲಿ. ಒಂದು ವೈರ್‌ಗೆ ಎರಡೂ ಕೆಲಸ ಆಯಿತು. ಹಳೆ ರೌಟರ್ ಬಳಸುವಾಗ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವೈರ್‌ನಲ್ಲಿ ಬಂದ ಇಂಟರ್ನೆಟ್ಟನ್ನು ಬರೀ ಹಂಚುವ ಸೆಟ್ಟಿಂಗ್‌ಗೆ) ಹಾಕೋದು ಮರೆಯಬೇಡಿ.

ಪ್ರಶ್ನೆ: ನಮ್ಮ ಊರಿಗೆ ಫೈಬರ್ ಬಂದಿಲ್ಲ. ಸಿಮ್ ಹಾಕುವ ರೌಟರ್. ಅದಕ್ಕೂ ವೈರ್ ಬೇಕಾ?

ಟವರ್‌ನಿಂದ ಮನೆವರೆಗಿನ ದಾರಿಯೇ ಕುಣಿಯುತ್ತಿದ್ದರೆ ಮನೆಯೊಳಗಿನ ವೈರ್ ಅದನ್ನು ಸರಿ ಮಾಡಲಾರದು. ರೌಟರನ್ನು ಟವರ್ ಕಡೆಯ ಕಿಟಕಿಗೆ ಇಡಿ. ಅಲ್ಲಿಂದ ಟಿವಿ ದೂರ ಆಯಿತು ಅಂದರೆ ಆಗ ವೈರ್ ಎಳೆಯಿರಿ.

ಪ್ರಶ್ನೆ: ಮದುವೆ ವಿಡಿಯೋ, ಹಳೆ ಸಿನಿಮಾ ಎಲ್ಲ ಕಂಪ್ಯೂಟರ್‌ನಲ್ಲಿದೆ. ಟಿವಿಯಲ್ಲಿ ಜೆಲ್ಲಿಫಿನ್ (ಕಂಪ್ಯೂಟರ್‌ನ ಸಿನಿಮಾವನ್ನು ಟಿವಿಗೆ ಕಳಿಸುವ ಆಪ್) ಹಾಕಿ ನೋಡಿದರೆ ತಡವರಿಸುತ್ತೆ. ಇಂಟರ್ನೆಟ್ ಬೇಕಾಗಿಯೇ ಇಲ್ಲವಲ್ಲ?

ಇಂಟರ್ನೆಟ್ ಬೇಕಿಲ್ಲ, ಆದರೆ ಗಾಳಿ ಬೇಕು. ಕಂಪ್ಯೂಟರ್ ವೈಫೈಯಲ್ಲಿ, ಟಿವಿಯೂ ವೈಫೈಯಲ್ಲಿ. ಸಿನಿಮಾ ಕಂಪ್ಯೂಟರ್‌ನಿಂದ ರೌಟರ್‌ಗೆ ಒಮ್ಮೆ ಹಾರಬೇಕು, ರೌಟರ್‌ನಿಂದ ಟಿವಿಗೆ ಇನ್ನೊಮ್ಮೆ. ಒಂದೇ ಚಾನೆಲ್, ಎರಡು ಪ್ರಯಾಣ. ಎರಡನ್ನೂ ವೈರ್ ಮಾಡಲು ಆಗದಿದ್ದರೆ ಕಂಪ್ಯೂಟರ್ ಒಂದನ್ನಾದರೂ ರೌಟರ್‌ಗೆ ವೈರ್‌ನಲ್ಲಿ ಕಟ್ಟಿ. ಅರ್ಧ ಭಾರ ಇಳಿಯುತ್ತದೆ. ವೈರ್ ಎಲ್ಲಿಂದ ಶುರು ಮಾಡಲಿ ಅಂದರೆ ಮೊದಲು ಕೊಡುವವನಿಗೆ, ಆಮೇಲೆ ತೆಗೆದುಕೊಳ್ಳುವವನಿಗೆ.

ಪ್ರಶ್ನೆ: ಮೊಬೈಲ್‌ನಿಂದ ಟಿವಿಗೆ ಕಾಸ್ಟ್ ಮಾಡಿದರೆ ಚೆನ್ನಾಗಿ ಬರುತ್ತೆ, ಸ್ಕ್ರೀನ್ ತೋರಿಸಿದರೆ ತಡವರಿಸುತ್ತೆ. ಎರಡೂ ಒಂದೇ ಅಲ್ವಾ?

ಅಲ್ಲ. ಯೂಟ್ಯೂಬ್‌ನಲ್ಲಿ ಕಾಸ್ಟ್ ಒತ್ತಿದರೆ ಮೊಬೈಲ್ ಬರೀ ವಿಳಾಸ ಹೇಳುತ್ತದೆ, ಟಿವಿ ತಾನೇ ಇಂಟರ್ನೆಟ್‌ನಿಂದ ವಿಡಿಯೋ ಎಳೆದುಕೊಳ್ಳುತ್ತದೆ. ಮೊಬೈಲ್ ರಿಮೋಟ್ ಆಯಿತು, ಅಷ್ಟೇ. ಸ್ಕ್ರೀನ್ ಮಿರರ್ ಮಾಡಿದರೆ ಮೊಬೈಲ್ ತನ್ನ ಪರದೆಯನ್ನೇ ಕ್ಷಣ ಕ್ಷಣವೂ ವಿಡಿಯೋ ಮಾಡಿ ಗಾಳಿಯಲ್ಲಿ ಕಳಿಸಬೇಕು. ಮುಂಚೆಯೇ ತುಂಬಿಸಿಡುವ ಟ್ಯಾಂಕ್ ಇಲ್ಲಿ ಇಲ್ಲವೆನ್ನುವಷ್ಟು ಚಿಕ್ಕದು. ಹಾಗಾಗಿ ಸಣ್ಣ ತಡೆ ಬಂದರೂ ಕಣ್ಣಿಗೆ ಕಾಣುತ್ತದೆ. ಮಿರರ್ ಆಗಾಗ ಬೇಕಾಗುವುದಾದರೆ ಲ್ಯಾಪ್‌ಟಾಪ್‌ನಿಂದ ಟಿವಿಗೆ ಎಚ್‌ಡಿಎಂಐ ವೈರ್ ಹಾಕಿ ಮುಗಿಸಿ.

ಪ್ರಶ್ನೆ: ಕ್ರಿಕೆಟ್ ಮ್ಯಾಚ್‌ನಲ್ಲಿ ಪಕ್ಕದ ಮನೆಯವರು ಮೊದಲೇ ಕೂಗುತ್ತಾರೆ. ನಮ್ಮಲ್ಲಿ ಸಿಕ್ಸರ್ ಆಮೇಲೆ ಬರುತ್ತೆ. ವೈರ್ ಹಾಕಿದರೆ ಸರಿ ಹೋಗುತ್ತಾ?

ಇಲ್ಲ. ಈ ಒಂದು ಕಾರಣಕ್ಕೆ ವೈರ್ ಎಳೆಸಿ ನನ್ನನ್ನು ಬೈದವರಿದ್ದಾರೆ. ಆಪ್‌ನಲ್ಲಿ ಬರುವ ಲೈವ್ ವಿಡಿಯೋವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಸರ್ವರ್‌ಗೆ ಹಾಕಿ, ಟಿವಿ ಅದರಲ್ಲಿ ಕೆಲವನ್ನು ಮೊದಲೇ ತುಂಬಿಸಿಕೊಂಡು ತೋರಿಸುತ್ತದೆ. ಆ ತಡ ಎಷ್ಟೋ ಸೆಕೆಂಡುಗಳದು. ವೈರ್‌ನಿಂದ ಉಳಿಯುವುದು ಸೆಕೆಂಡಿನ ಸಾವಿರದ ಕೆಲವು ಪಾಲು. ಪಕ್ಕದ ಮನೆಯವರು ಡಿಶ್‌ನಲ್ಲೋ ಕೇಬಲ್‌ನಲ್ಲೋ ನೋಡುತ್ತಿದ್ದಾರೆ, ಅವರು ಮುಂದೆಯೇ ಇರುತ್ತಾರೆ. ಕಿಟಕಿ ಮುಚ್ಚಿ.

ಪ್ರಶ್ನೆ: ಸೌಂಡ್‌ಬಾರ್‌ಗೆ ಬ್ಲೂಟೂತ್ ಸಾಕಾ?

ಹಾಡಿಗೆ ಸಾಕು. ಸಿನಿಮಾಗೆ ಬೇಡ, ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಟಿವಿಯಲ್ಲಿ ಎಚ್‌ಡಿಎಂಐ ಎಆರ್‌ಸಿ ಅಂತ ಬರೆದಿರುವ ಪೋರ್ಟ್ ಹುಡುಕಿ ಅದಕ್ಕೆ ವೈರ್ ಹಾಕಿ. ಅಜ್ಜಿಗೆ ಬ್ಲೂಟೂತ್ ಹೆಡ್‌ಫೋನ್ ಬೇಕೇ ಬೇಕು ಅಂದರೆ ಟಿವಿಯ ಇಂಟರ್ನೆಟ್ಟನ್ನು 2.4ರಿಂದ ತೆಗೆದು 5ಕ್ಕೋ ವೈರ್‌ಗೋ ಹಾಕಿ. ಬ್ಲೂಟೂತ್ ಇರುವುದೂ 2.4ರಲ್ಲೇ, ಇಕ್ಕಟ್ಟಾದರೆ ಎರಡೂ ತೊದಲುತ್ತವೆ.

ಪ್ರಶ್ನೆ: ಖರ್ಚು ಮಾಡುವ ಮೊದಲು ವೈರ್‌ನಿಂದ ನಿಜವಾಗಿ ಉಪಯೋಗ ಆಗುತ್ತಾ ಅಂತ ತಿಳಿಯೋದು ಹೇಗೆ?

ಯಾರ ಹತ್ತಿರವಾದರೂ ಉದ್ದದ ಲ್ಯಾನ್ ವೈರ್ ಎರವಲು ತನ್ನಿ. ಒಂದು ರಾತ್ರಿ ನೆಲದ ಮೇಲೆ ಹಾಗೇ ಹಾಸಿ, ರೌಟರ್‌ನಿಂದ ಟಿವಿಗೆ ಸಿಕ್ಕಿಸಿ, ದಿನಾ ತೊಂದರೆ ಕೊಡುವ ಹೊತ್ತಿನಲ್ಲೇ ಸಿನಿಮಾ ಹಾಕಿ. ಯಾರೂ ಎಡವದ ಹಾಗೆ ನೋಡಿಕೊಳ್ಳಿ. ನಿಲ್ಲದೆ ಓಡಿದರೆ ಎಲೆಕ್ಟ್ರಿಷಿಯನ್‌ನ ಕರೆಯಿರಿ. ಆಗಲೂ ನಿಂತರೆ ತಪ್ಪು ವೈಫೈಯದಲ್ಲ.

ಪ್ರಶ್ನೆ: ವೈರ್ ಹಾಕಿದರೂ ನಿಲ್ಲುತ್ತಿದೆಯಲ್ಲ!

ಮೊದಲು ಟಿವಿ ನಿಜವಾಗಿ ವೈರ್ ಬಳಸುತ್ತಿದೆಯಾ ನೋಡಿ. ಕೆಲವು ಟಿವಿಗಳಲ್ಲಿ ವೈರ್ ಸಿಕ್ಕಿಸಿದರೆ ಸಾಲದು, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ವೈಫೈ ಆಫ್ ಮಾಡಬೇಕು. ಆಮೇಲೆ ಟಿವಿಯನ್ನೇ ಅನುಮಾನಿಸಿ. ನಾಲ್ಕೈದು ವರ್ಷದ ಟಿವಿಯ ಮೆಮೊರಿ ತುಂಬಿ, ಆಪ್ ತೆರೆಯೋಕೇ ಏದುಸಿರು ಬಿಡುತ್ತಿದ್ದರೆ ಯಾವ ವೈರೂ ಕಾಪಾಡದು. ಒಂದು ಹೊಸ ಸ್ಟಿಕ್ ಹಾಕಿದರೆ ಸರಿ ಹೋಗುತ್ತದೆ. ಯೂಟ್ಯೂಬ್ ಓಡುತ್ತದೆ, ಇನ್ನೊಂದು ಆಪ್ ಮಾತ್ರ ನಿಲ್ಲುತ್ತದೆ ಅಂದರೆ ಆ ಆಪ್‌ನ ಕಡೆಯ ತೊಂದರೆ. ಎಲ್ಲವೂ ರಾತ್ರಿ ಮಾತ್ರ ನಿಲ್ಲುತ್ತದೆ ಅಂದರೆ ಆಗ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ. ವೈರ್ ಹಾಕಿದ ಕಂಪ್ಯೂಟರ್‌ನಲ್ಲಿ ಟೆಸ್ಟ್ ಮಾಡಿದ್ದೀರಿ ಅಂದರೆ "ನಿಮ್ಮ ವೈಫೈ ಸರಿ ಇಲ್ಲ ಸಾರ್" ಅಂತ ಜಾರಿಕೊಳ್ಳಲು ಅವರಿಗೆ ದಾರಿ ಇರುವುದಿಲ್ಲ.

ಇಂಟರ್ನೆಟ್ಟೇ ಬರುತ್ತಿಲ್ಲ ಅಂದರೆ ರೌಟರ್‌ನ ಹಿಂದೆ ನೋಡಿ. ಹೋದ ತಿಂಗಳು ಅತ್ತೆ ಮನೆಯಲ್ಲಿ ಹೊಸ ವೈರ್ ಎಳೆಸಿ, ಜ್ಯಾಕ್ ಎರಡು ಸಲ ಒತ್ತಿಸಿ, ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡೆವು. ರೌಟರ್‌ನಲ್ಲಿ ನಾಲ್ಕು ಒಂದೇ ಥರದ ಹಳದಿ ತೂತುಗಳಿದ್ದವು. ನಾಲ್ಕನೆಯದನ್ನು ಕಂಪನಿಯವರು ತಮ್ಮ ಟಿವಿ ಬಾಕ್ಸ್‌ಗೆ ಮೀಸಲಿಟ್ಟಿದ್ದರು, ಅದರಲ್ಲಿ ಇಂಟರ್ನೆಟ್ ಬರುವುದೇ ಇಲ್ಲ. ಅತ್ತೆ ಬಗ್ಗಿ ನೋಡಿ "ಪಕ್ಕದ್ದಕ್ಕೆ ಹಾಕಿ ನೋಡೋ" ಅಂದರು. ಹಾಕಿದೆ, ಬಂತು. ಕಾಫಿ ಅಷ್ಟರಲ್ಲಿ ಆರಿತ್ತು.